ಅಳತೆಗೆ ನಿಂತ ದನಿ

ಗಂಟೆ ಹಾಡೋಕೆ ನಿಂತ್ರೆ ಬೀದಿ ನಾಯಿಗಳು ಬೊಗಳೋದು ಬಿಟ್ಟು ಬಾಲ ಸುತ್ಕೊಂಡು ಕೂತ್ಬಿಡ್ತಿದ್ವು. ಎದುರುಮನೆ ಕುಕ್ಕರ್ರು ಸೀಟಿ ಹೊಡೆಯೋಕೆ ನಾಚ್ಕೊಂಡು ಒಳಗೊಳಗೇ ಬೇಯ್ತಿತ್ತು. ಒಂದ್ಸಲ ಮದುವೆ ಹಾಲ್‌ನಲ್ಲಿ ಅವಳು ಮೇಲಿನ ಸ್ವರ ಹಿಡಿದಾಗ, ಊಟಕ್ಕೆ ಕೂತಿದ್ದ ಮುದುಕರೊಬ್ಬರ ಕಟ್ಟಿಸ್ಕೊಂಡ ಹಲ್ಲು ಪೂರ್ತಿ ತಟ್ಟೆಗೆ ಬಿತ್ತು. ಅವರು ಅದನ್ನ ಒರೆಸಿ ವಾಪಸ್ ಹಾಕ್ಕೊಂಡು ಚಪ್ಪಾಳೆ ತಟ್ಟಿದ್ರು. ನಂಬ್ದೇ ಇದ್ರೆ ಅವಳ ತಮ್ಮನ್ನ ಕೇಳಿ, ಅವನು ಅಲ್ಲೇ ಕೀಬೋರ್ಡ್ ನುಡಿಸ್ತಿದ್ದ. ಗಂಟೆ ಅನ್ನೋ ಹೆಸರು ಅವಳಿಗೆ ಬಂದಿದ್ದು ಆ ದನಿಯಿಂದ್ಲೇ. ಗಂಡ ಲಾರಿ ಡ್ರೈವರ್ರು, ಮನೇಲಿರೋದಕ್ಕಿಂತ ರಸ್ತೇಲಿರೋದೇ ಜಾಸ್ತಿ. ಯಾಕಪ್ಪಾ ಅಂದ್ರೆ, 'ದೂರದಿಂದ್ಲೇ ಚೆನ್ನಾಗಿ ಕೇಳ್ಸುತ್ತೆ' ಅಂತಿದ್ದ.

ಅದು ಮನೆಮಂದಿಯೆಲ್ಲಾ ಸೇರಿ ಕಟ್ಟಿದ ಬ್ಯಾಂಡು. ಅಪ್ಪ ಡ್ರಮ್ಮು. ಜೀವಮಾನ ಎಲ್ಲಾ ಡ್ರಮ್ ಬಾರಿಸಿ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ತನಗೆ ಬೇಕಾದ್ದು ಮಾತ್ರ ಕೇಳ್ತಿತ್ತು. ತಮ್ಮ ಕೀಬೋರ್ಡು. ಹಾಡೋದು ಗಂಟೆ. ಕ್ಯಾಸೆಟ್ ಕಾಲದಲ್ಲಿ ಕ್ಯಾಸೆಟ್ಟು, ಸಿಡಿ ಕಾಲದಲ್ಲಿ ಸಿಡಿ, ಎಲ್ಲದರ ಮೇಲೂ ಅವಳದೇ ಫೋಟೋ, ಅವಳದೇ ದನಿ.

ಆ ಮನೇಲಿ ಒಂದು ಕಾನೂನಿತ್ತು. ಅಪ್ಪ ಮಾಡಿದ್ದು. ರೆಕಾರ್ಡಿಂಗ್ ಹತ್ರ ಬಂತು ಅಂದ್ರೆ, ಹಾಡೋರು ಈರುಳ್ಳಿ ಹೆಚ್ಚೋ ಹಾಗಿಲ್ಲ. ಪೊರಕೆ ಮುಟ್ಟೋ ಹಾಗಿಲ್ಲ. ತಣ್ಣೀರಲ್ಲಿ ಪಾತ್ರೆ ತೊಳೆಯೋ ಹಾಗಿಲ್ಲ. ಯಾರ ಜೊತೆನೂ ಕಿರುಚಿ ಜಗಳ ಆಡೋ ಹಾಗಿಲ್ಲ. ದಿನಾ ಬೆಳಿಗ್ಗೆ ಅಪ್ಪ ತಾನೇ ಕೈಯಾರೆ ಒಂದು ಚಮಚ ಜೇನುತುಪ್ಪ ಬಾಯಿಗೆ ಹಾಕ್ತಿದ್ದ. ಗಂಟೆ ಮಗಳು ಕಾಲೇಜಿಗೆ ಹೋಗೋಳು, ನಾಲಿಗೆ ಬ್ಲೇಡು. 'ಅಮ್ಮನ ದನಿಗೋಸ್ಕರ ನಾವೆಲ್ಲಾ ಅಳೋದು' ಅಂತ ಈರುಳ್ಳಿ ಹೆಚ್ತಾ ಮೂಗು ಸೀಟ್ಕೊತಿದ್ಲು.

ಹೀಗೆಲ್ಲಾ ಸುಖವಾಗಿದ್ದಾಗ ಗಂಟೆಗೆ ದವಡೆ ಹಲ್ಲು ಕೈಕೊಡ್ತು.

ಒಂದು ರೆಕಾರ್ಡ್ ಕಂಪನಿಯವರು ಇವರ ಹೊಸ ಹಾಡು ತಗೊಳ್ಳೋಕೆ ಒಪ್ಪಿದ್ರು. ಎಲ್ಲರ ಫೋನಿಗೂ ಹೋಗೋ ಹಾಡು. ಸ್ಟುಡಿಯೋ ಗೊತ್ತು ಮಾಡಿಯಾಗಿತ್ತು, ವಾದ್ಯದವರು ಬಂದಿದ್ರು. ಗಂಟೆ ಹಲ್ಲು ಕೀಳಿಸ್ಕೊಂಡು ಬಂದು ಕೂತಿದ್ಲು, ಕೆನ್ನೆ ಬನ್ನಿನ ಹಾಗೆ ಊದಿತ್ತು. ತಮ್ಮ ತಲೆ ಮೇಲೆ ಕೈ ಹೊತ್ಕೊಂಡ.

"ಟ್ರ್ಯಾಕ್ ಆದ್ರೂ ಯಾರು ಹಾಡ್ತಾರೆ ಈಗ?"

ಟ್ರ್ಯಾಕ್ ಅಂದ್ರೆ ಏನಪ್ಪಾ ಅಂದ್ರೆ, ನಿಜವಾದ ಗಾಯಕಿ ಬರೋಕ್ ಮುಂಚೆ ಯಾರಾದ್ರೂ ಒಬ್ರು ಸುಮ್ನೆ ಹಾಡಿ ಇಡೋದು. ಆ ದನಿ ಕೇಳ್ಕೊಂಡು ವಾದ್ಯದವರು ನುಡಿಸ್ಕೊತಾರೆ. ಆಮೇಲೆ ಗಾಯಕಿ ಬಂದು ಹಾಡಿದ ಮೇಲೆ ಆ ಮೊದಲಿನ ದನಿನ ಅಳಿಸಿ ಬಿಸಾಕ್ತಾರೆ. ಅಳಿಸೋ ದನಿ ಯಾರದಾದ್ರೇನು?

ಗಂಟೆ ಊದಿದ ಬಾಯಲ್ಲೇ ನಾದಿನಿ ಕಡೆ ಕೈ ತೋರ್ಸಿದ್ಲು. ನಾದಿನಿ ಅಂದ್ರೆ ತಮ್ಮನ ಹೆಂಡ್ತಿ, ಮುಂದಿನ ರೂಮಲ್ಲಿ ಮಿಷನ್ ಹಾಕ್ಕೊಂಡು ಬಟ್ಟೆ ಹೊಲಿಯೋಳು. ಎಲ್ಲಾ ಅವಳನ್ನ ಟೈಲರ್ ಅಂತ್ಲೇ ಕರೀತಿದ್ರು. ಕಾಲಲ್ಲಿ ಮಿಷನ್ನು ತುಳೀತಾ ಏನೋ ಗುನುಗ್ತಿರೋಳು, ಅದು ಹಾಡು ಅಂತ ಯಾರೂ ಲೆಕ್ಕಕ್ಕಿಟ್ಟಿರ್ಲಿಲ್ಲ.

"ಅಯ್ಯೋ ಅತ್ತಿಗೆ, ನಾನಾ?"

"ಹೋಗ್ಬಾರೆ," ಅಂದ್ಲು ಗಂಟೆ. "ಅಳತೆಗೆ ಸುಮ್ನೆ ನಿಂತ್ಕೊಂಡು ಬಾ. ಬಟ್ಟೆ ನಂದೇ ತಾನೆ."

ಟೈಲರ್ ಹೋದ್ಲು, ನಿಂತ್ಲು, ಹಾಡಿದ್ಲು, ಬಂದು ರವಿಕೆ ಹೊಲಿಯೋಕೆ ಕೂತ್ಲು.

ಮೂರು ದಿನ ಬಿಟ್ಟು ತಮ್ಮ ಊಟಕ್ಕೆ ಕೂತೋನು ಅನ್ನ ಕಲಸಿದ್ದೇ ಕಲಸಿದ್ದು, ಬಾಯಿಗಿಡ್ಲಿಲ್ಲ.

"ಏನೋ ಅದು, ಅನ್ನಕ್ಕೆ ಕಾಲು ಒತ್ತಿ ಸೇವೆ ಮಾಡ್ತಿದೀಯಾ?" ಅಂದ ಅಪ್ಪ.

"ಕಂಪನಿಯವನು ಟ್ರ್ಯಾಕ್ ಕೇಳಿದ್ನಂತೆ."

"ಹೂಂ?"

"ಬದಲಾಯಿಸ್ಬೇಡಿ ಅಂದ್ನಂತೆ."

"ಏನನ್ನ?"

"ದನಿನ." ತಮ್ಮ ತಟ್ಟೆ ಕಡೇನೇ ನೋಡ್ತಾ ಹೇಳ್ದ. "ಈ ದನೀನೇ ಇರ್ಲಿ ಅಂದ್ನಂತೆ. ಅಕ್ಕನ ದನಿ ಒಳ್ಳೇದೇ, ಆದ್ರೆ ಹಳೇದಾಯ್ತು, ಜನಕ್ಕೆ ಎಳೇ ದನಿ ಬೇಕು ಅಂತ..."

ಗಂಟೆ ಕೈಲಿದ್ದ ಸೌಟು ಪಾತ್ರೆಗೆ ಬಿತ್ತು. ಟೈಲರ್ ಮೊಟ್ಟೆ ಸುಲೀತಿದ್ದೋಳು ಹಾಗೇ ನಿಂತ್ಬಿಟ್ಲು.

"ಹಳೇದಾ?" ಅಂದ್ಲು ಗಂಟೆ. "ನಾನೇನು ಉಪ್ಪಿನಕಾಯಾ?"

"ಉಪ್ಪಿನಕಾಯಿ ಹಳೇದಾದಷ್ಟೂ ರುಚಿ ಅಮ್ಮಾ," ಅಂದ್ಲು ಮಗಳು.

"ನೀನು ಬಾಯಿ ಮುಚ್ಕೊಂಡು ತಿನ್ನು!"

"ಅತ್ತಿಗೆ, ನಂಗೇನೂ ಬೇಡ," ಟೈಲರ್ ಅಂದ್ಲು. "ನಂಗೆ ಹೊಲಿಯೋದೇ ರಾಶಿ ಬಿದ್ದಿದೆ."

"ಬೇಡ ಅನ್ನೋಳು ಯಾಕೆ ಅಷ್ಟು ಚೆನ್ನಾಗಿ ಹಾಡ್ದೆ?"

ಅಪ್ಪ ತನ್ನ ಒಳ್ಳೇ ಕಿವಿ ಈ ಕಡೆ ತಿರುಗಿಸಿ, "ಮನೆ ಹಾಡು ಮನೇಲೇ ಉಳೀತು. ಯಾರ ಬಾಯಾದ್ರೇನು, ಬಡಿಸು," ಅಂದ.

ಮಾರನೇ ದಿನ ಬೆಳಿಗ್ಗೆ ಗಂಟೆ ಎಂದಿನ ಹಾಗೆ ಅಡುಗೆಮನೆ ಬಾಗ್ಲಲ್ಲಿ ಬಾಯಿ ಕಳ್ಕೊಂಡು ನಿಂತ್ಲು. ಅಪ್ಪ ಜೇನಿನ ಬಾಟ್ಲಿ ತೆಗೆದ, ಚಮಚ ತುಂಬಿಸ್ದ, ನೆಟ್ಟಗೆ ಅವಳನ್ನ ದಾಟ್ಕೊಂಡು ಹೋಗಿ ಟೈಲರ್ ಬಾಯಿಗೆ ಹಾಕ್ದ. ಗಂಟೆ ಬಾಯಿ ಕಳ್ಕೊಂಡೇ ಇತ್ತು. ಒಂದು ನೊಣ ಒಳಗೆ ಹೋಗೋಣ್ವಾ ಬೇಡ್ವಾ ಅಂತ ಯೋಚ್ನೆ ಮಾಡ್ತು.

"ಅಪ್ಪಾ!"

"ಕಾನೂನು ಕಾನೂನೇ," ಅಂದ ಅಪ್ಪ. "ಹಾಡೋರಿಗೆ ಜೇನು. ಈರುಳ್ಳಿ ಬುಟ್ಟಿ ಅಲ್ಲಿದೆ."

ಅವತ್ತಿಂದ ಗಂಟೆ ಈರುಳ್ಳಿ ಹೆಚ್ಚಿದ್ಲು. ಹೆಚ್ಚಿದ್ಲು ಅಂದ್ರೆ ಹೇಗೆ? ಈರುಳ್ಳಿ ಏನೋ ಅವಳ ಮನೆತನಕ್ಕೆ ಅನ್ಯಾಯ ಮಾಡಿದ ಹಾಗೆ ಹೆಚ್ಚಿದ್ಲು. ಐದು ಜನದ ಅಡುಗೆಗೆ ಐವತ್ತು ಜನದ ಈರುಳ್ಳಿ. ಮನೇಲಿ ಮೊಟ್ಟೆಗೆ ಈರುಳ್ಳಿ, ಆಲೂಗಡ್ಡೆಗೆ ಈರುಳ್ಳಿ, ಕೊನೆಗೆ ಟೀ ಕೂಡ ಈರುಳ್ಳಿ ವಾಸ್ನೆ ಹೊಡೀತು. ಕಣ್ಣು ಕೆಂಪಾಗಿದ್ರೆ ಯಾರೂ ಏನೂ ಕೇಳೋ ಹಾಗಿಲ್ಲವಲ್ಲ, ಅದೊಂದು ಅನುಕೂಲ.

ಜಗಳಕ್ಕೂ ದಾರಿ ಹುಡುಕಿದ್ಲು. ಕಾನೂನಿನ ಪ್ರಕಾರ ಹಾಡೋಳು ಕಿರುಚೋ ಹಾಗಿಲ್ಲ. ಕಿರುಚಿಸಿದ್ರೆ ದನಿ ಒಡೆಯುತ್ತೆ.

"ಟೈಲರ್ರೇ, ನಿಮ್ಮಮ್ಮ ಮನೇಲಿ ಪಾತ್ರೆ ತೊಳೆಯೋದು ಕಲಿಸ್ಲೇ ಇಲ್ವಾ, ಇಲ್ಲ ನೀವು ಹುಟ್ಟಿದಾಗ್ಲೇ ಗಾಯಕೀನಾ?"

"ಕಲಿಸಿದ್ರು ಅತ್ತಿಗೆ. ಕೊಡಿ, ನಾನೇ ತೊಳೀತೀನಿ."

"ಮುಟ್ಬೇಡ! ಆಮೇಲೆ ನಿಮ್ಮ ಮಾವ ನನ್ನ ಮೇಲೆ ಎಗರಾಡ್ಲಿ ಅಂತಾನಾ?"

ಟೈಲರ್ ಮೆಲ್ಲಗೆ ಮಿಷನ್ ಹತ್ರ ಹೋಗಿ ಕೂತ್ಕೊಳ್ಳೋಳು. ಕಿರುಚ್ಲೇ ಇಲ್ಲ. ಎಷ್ಟು ಎಣ್ಣೆ ಹುಯ್ದ್ರೂ ಹತ್ಕೊಳ್ಳದ ಒಲೆ ಅವಳು. ಅದನ್ನ ನೋಡಿ ಗಂಟೆ ಹೊಟ್ಟೇಲಿ ಇನ್ನೆರಡು ಸೌದೆ ಬಿತ್ತು.

ಒಂದು ಮಧ್ಯಾಹ್ನ ಸ್ಟುಡಿಯೋದಿಂದ ರೆಕಾರ್ಡಿಸ್ಟ್ ಬಂದ. ಅವನನ್ನ ಎಲ್ಲಾ 'ಕಿವಿ' ಅಂತಿದ್ರು. ಪಕ್ಕದ ಮನೆ ಸೊಳ್ಳೆ ಯಾವ ಶ್ರುತೀಲಿ ಹಾಡ್ತಿದೆ ಅಂತ ಹೇಳ್ಬಲ್ಲ ಅಂತ ಅವನ ಖ್ಯಾತಿ. ಟೀ ಕುಡೀತಾ ಹೇಳ್ದ: "ಟ್ರ್ಯಾಕಿನ ಹಿಂದೆ ಡ್ರಮ್ ಸದ್ದು ಸೇರ್ಕೊಂಡಿದೆ, ಅದನ್ನ ಹಾಗೇ ಬಿಡೋಕಾಗಲ್ಲ. ಹೊಸದಾಗಿ ಹಾಡ್ಬೇಕು. ಇನ್ನೊಂದು, ದನಿ ತೆಳ್ಳಗಿದೆ. ಎರಡು ಸಲ ಹಾಡಿ ಒಂದರ ಕೆಳಗೆ ಒಂದು ಇಡ್ಬೇಕು, ಬಟ್ಟೆಗೆ ಲೈನಿಂಗ್ ಕೊಟ್ಟ ಹಾಗೆ. ಆದ್ರೆ ಎರಡೂ ಒಂದೇ ತರ ಇರ್ಬೇಕು. ಉಸಿರೂ ಒಂದೇ ಕಡೆ ತಗೋಬೇಕು. ಇಲ್ದಿದ್ರೆ ಇಬ್ರು ಹಾಡಿದ ಹಾಗೆ ಕೇಳ್ಸುತ್ತೆ."

ಟೈಲರ್ ಮುಖ ಬಿಳಿಚ್ಕೊಂಡಿತು. "ನಂಗೆ ಒಂದ್ಸಲ ಹಾಡಿದ ಹಾಗೆ ಇನ್ನೊಂದ್ಸಲ ಬರಲ್ಲ."

ನಿಜಾನೇ. ಅವಳು ಗಾಳಿ ಬಂದ ಹಾಗೆ ಹಾಡೋಳು. ಆಗ ಗಂಟೆ ಚಾಕು ಕೆಳಗಿಟ್ಟು, ಕೈ ಒರೆಸ್ಕೊಂಡು ಬಂದ್ಲು.

"ಲೈನಿಂಗ್ ನಾನ್ ಹಾಡ್ತೀನಿ."

ತಮ್ಮನ ಕಣ್ಣಲ್ಲಿ ನೀರೇ ಬಂತು. "ನಮ್ಮಕ್ಕ ನೋಡಿ, ಎಂಥ ದೊಡ್ಡ ಮನಸು!"

ದೊಡ್ಡ ಮನಸು ಅಡುಗೆಮನೆಗೆ ಬಂದು ಮಗಳ ಕಿವೀಲಿ ಪಿಸುಗುಟ್ಟಿತು: "ಒಂದ್ಸಲ ಮೈಕ್ ಮುಂದೆ ನಿಂತ್ಕೊತೀನಿ ನೋಡು. ನನ್ನ ದನಿ ಅವಳ ದನಿ ಮೇಲೆ ಕೂತ್ರೆ, ಆನೆ ಕೆಳಗೆ ಸೊಳ್ಳೆ ಸಿಕ್ಕಿದ ಹಾಗೆ. ಕೊನೆಗೆ ಕೇಳ್ಸೋದು ಯಾರು?"

"ಆನೆ ತರ ಕೂತ್ರೆ ಆ ಕಿವಿ ನಿನ್ನ ಎಬ್ಬಿಸಿ ಕಳಿಸ್ತಾನೆ. ಒಂದೇ ತರ ಇರ್ಬೇಕು ಅಂದ್ನಲ್ಲ?" ಅಂದ್ಲು ಮಗಳು.

"ಅದಕ್ಕೇ ಕಣೆ. ಮೊದ್ಲು ಒಳಗೆ ಹೋಗ್ಬೇಕು. ಒಳಗೆ ಹೋಗ್ಬೇಕು ಅಂದ್ರೆ ಅವಳ ತರಾನೇ ಹಾಡೋಕೆ ಬರ್ಬೇಕು. ನಿನ್ನ ಫೋನ್ ಕೊಡು."

ಫೋನಲ್ಲಿ ಆ ಟ್ರ್ಯಾಕ್ ಇತ್ತು. ಗಂಟೆ ಕಿವಿಗೆ ವೈರ್ ಸಿಗಿಸ್ಕೊಂಡು ಈರುಳ್ಳಿ ಹೆಚ್ತಾ ಕೇಳಿದ್ಲು, ನೆಲ ಒರೆಸ್ತಾ ಕೇಳಿದ್ಲು, ಒಗೆದ ಬಟ್ಟೆ ಒಣಹಾಕ್ತಾ ಕೇಳಿದ್ಲು. ವಾರಗಟ್ಟಲೆ. ಅಷ್ಟಕ್ಕೂ ಸಾಲ್ದೆ ಟೈಲರ್ ಹಿಂದೇನೇ ಸುತ್ತಿದ್ಲು. ಗುಂಡಿ ಹೊಲಿಸ್ಕೊಳ್ಳೋ ನೆಪ, ಕತ್ತರಿ ಕೇಳೋ ನೆಪ. ಒಂದು ದಿನ ಗೊತ್ತಾಯ್ತು: ಇವಳು ಉಸಿರು ತಗೊಳ್ಳೋದು ಮಿಷನ್ ಪೆಡಲ್ಲಿಂದ ಕಾಲು ಎತ್ತಿದಾಗ! ಹೊಲಿಗೆ ಎಷ್ಟು ಉದ್ದವೋ ಹಾಡಿನ ಸಾಲೂ ಅಷ್ಟು ಉದ್ದ. ಗಂಟೆ ಅಡುಗೆಮನೇಲಿ ನಿಂತು ನೆಲ ತುಳೀತಾ ಹಾಡಿ ನೋಡಿದ್ಲು. ಕೆಳಗಿನ ಮನೆಯವರು ಬಂದು ಕೇಳಿದ್ರು, ಕುದುರೆ ಸಾಕಿದೀರಾ ಅಂತ.

ಹಾಡಿನ ಎರಡು ಸಾಲು ಹೀಗಿತ್ತು:

*ನೀ ಬರೋ ದಾರೀಲಿ ದೀಪ ಇಡಲ್ಲ ನಾನು,*
*ಕತ್ತಲಲ್ಲೇ ಬಾ, ನಿನ್ನ ಹೆಜ್ಜೆ ಗೊತ್ತು ನಂಗೆ.*

ಆ 'ಗೊತ್ತು ನಂಗೆ' ಅನ್ನೋ ಕಡೆ ಗಂಟೆ ಆಗಿದ್ರೆ ದನಿನ ಎತ್ತಿ ಛಾವಣಿಗೆ ಹೊಡೀತಿದ್ಲು. ಟೈಲರ್ ಎತ್ತಿರ್ಲಿಲ್ಲ. ನಿದ್ದೆ ಹೋದ ಮಗುನ ತೋಳಿಂದ ಹಾಸಿಗೆಗೆ ಇಳಿಸ್ತಾರಲ್ಲ, ಹಾಗೆ ಇಳಿಸಿದ್ಲು. ಗಂಟೆ ಆ ಜಾಗ ಮತ್ತೆ ಮತ್ತೆ ಕೇಳಿದ್ಲು. ಕೇಳಿದಷ್ಟೂ ಉರಿ ಜಾಸ್ತಿ ಆಯ್ತು. ಕೆಟ್ಟದಾಗಿದ್ರೆ ಬೈಬಹುದಿತ್ತು. ಚೆನ್ನಾಗಿರೋದನ್ನ ಏನಂತ ಬೈತೀರಾ?

"ಹಾಳಾದೋಳು," ಅಂತ ಈರುಳ್ಳಿಗೆ ಹೇಳಿದ್ಲು.

ಸ್ಟುಡಿಯೋ ದಿನ ಬಂತು. ಗಾಜಿನ ಈ ಕಡೆ ಕಿವಿ, ಆ ಕಡೆ ಮೈಕು. ಮೊದ್ಲು ಟೈಲರ್ ಒಳಗೆ ಹೋದ್ಲು. ಟ್ರ್ಯಾಕ್ ದಿನ ಅಳಿಸೋ ದನಿ ಅಂತ ಗೊತ್ತಿತ್ತು, ಹೆದ್ರಿಕೆ ಇರ್ಲಿಲ್ಲ. ಇವತ್ತು ಉಳಿಯೋ ದನಿ. ಹೆಡ್‌ಫೋನ್ ಹಾಕ್ಕೊಂಡು ಕಂಬದ ಹಾಗೆ ನಿಂತು, ಎಲ್ಲಾ ಸಾಲೂ ಗಟ್ಟಿಯಾಗಿ ಹಾಡಿ ಬಂದ್ಲು. ಅದೂ ಯಾರ ಹಾಗೆ? ಗಂಟೆ ಹಾಗೇ, ಮನೇಲಿ ಅವಳ ಕ್ಯಾಸೆಟ್ ಕೇಳಿ ಕೇಳಿ ರೂಢಿಯಾದ ಹಾಗೆ, ಕೊನೇಲಿ ಛಾವಣಿಗೆ ಹೊಡೆದು.

"ಹೇಗಿತ್ತು ಅತ್ತಿಗೆ?"

"ಪರ್ವಾಗಿಲ್ಲ," ಅಂದ್ಲು ಗಂಟೆ. ಒಳಗೆ ಖುಷಿ ಕುಣೀತಿತ್ತು.

ಆಮೇಲೆ ಗಂಟೆ ಒಳಗೆ ಹೋದ್ಲು. ಆನೆ ಹಾಗೆ ಕೂರ್ಬೇಕು ಅಂತಾನೇ ಹೋಗಿದ್ದು. ಆದ್ರೆ ವಾರಗಟ್ಟಲೆ ಕಲಿತ ಗಂಟಲು ಯಜಮಾನಿ ಮಾತು ಕೇಳುತ್ತಾ? ಕಾಲು ತಾನಾಗೇ ಪೆಡಲ್ ತುಳೀತು. ಉಸಿರು ತಾನಾಗೇ ಹೊಲಿಗೆ ಮುಗಿಯೋ ಕಡೆ ಬಂತು. 'ಗೊತ್ತು ನಂಗೆ' ಅಂತ ಬಂದಾಗ ಅವಳ ದನಿ, ಜೀವಮಾನದಲ್ಲಿ ಮೊದಲನೇ ಸಲ, ಮೆಲ್ಲಗೆ ಕೆಳಗಿಳಿದು ಮಲಗ್ತು.

ಗಾಜಿನಾಚೆ ಕಿವಿ ಟೀ ಕಪ್ಪು ಬಾಯಿ ಹತ್ರ ಹಿಡ್ಕೊಂಡೇ ಕೂತಿದ್ದ. ಕುಡೀಲಿಲ್ಲ.

ಸಂಜೆ ಕಂಪನಿಯವನು ಬಂದ. ಮನೆ ಒಳಗೂ ಕಪ್ಪು ಕನ್ನಡಕ ಹಾಕೋ ಜಾತಿ. ಎರಡೂ ದನಿ ಸೇರಿಸಿ ಕೇಳಿಸಿದ್ರು. ಅವನು ತಲೆ ಆಡಿಸ್ದ.

"ಗದ್ದಲ ಆಯ್ತು. ಲೈನಿಂಗ್ ಬೇಡ. ಒಂದೇ ದನಿ ಸಾಕು. ಬಿಡಿಬಿಡಿಯಾಗಿ ಹಾಕಿ."

"ಯಾವುದು ಯಾರದು ಅಂತ ಹೇಳಲ್ಲ," ಅಂದ ಕಿವಿ. ಅದು ಅವನ ಪದ್ಧತಿ. "ಹೆಸರು ಹೇಳಿದ್ರೆ ಕೇಳೋರ ಕಿವಿ ಸುಳ್ಳು ಹೇಳುತ್ತೆ."

ಮೊದಲನೇದು ಹಾಕ್ದ. ಕತ್ತಲಲ್ಲೇ ಬಾ, ನಿನ್ನ ಹೆಜ್ಜೆ ಗೊತ್ತು ನಂಗೆ. ರೂಮಲ್ಲಿ ಫ್ಯಾನ್ ಸದ್ದು ಕೂಡ ಹಿಂದೆ ಸರೀತು. ಎರಡನೇದು ಹಾಕ್ದ. ಕಂಪನಿಯವನು ಅರ್ಧಕ್ಕೇ ಕೈ ಎತ್ತಿದ.

"ಮೊದಲನೇದೇ! ಅವತ್ತು ನಾನು ಕೇಳಿದ್ದೂ ಇದನ್ನೇ. ಎಳೇ ದನಿ ಅಂದ್ರೆ ಇದು. ಎರಡನೇದು ತೆಗೀರಿ." ಗಂಟೆ ಕಡೆ ತಿರುಗಿ ಕೈ ಮುಗ್ದ. "ಬೇಜಾರ್ ಮಾಡ್ಕೋಬೇಡಿ ಮೇಡಂ. ವಯಸ್ಸು ದನೀಲಿ ಗೊತ್ತಾಗ್ಬಿಡುತ್ತೆ."

ಮೊದಲನೇದು ಗಂಟೆದು.

ಟೈಲರ್‌ಗೆ ಗೊತ್ತಾಯ್ತು. ಅವಳ ಬಾಯಿ ತೆರೀತು: "ಸಾರ್, ಅದು ನಮ್ಮ ಅತ್..."

ಗಂಟೆ ಅವಳ ಕಾಲ್ಬೆರಳ ಮೇಲೆ ಹಿಮ್ಮಡಿ ಇಟ್ಟು ಇಡೀ ಮೈ ಭಾರ ಬಿಟ್ಲು.

"ಅದು ನಮ್ಮ ಅತ್ಯುತ್ತಮ ಪ್ರಯತ್ನ ಅಂತಿದಾಳೆ," ಅಂದ್ಲು.

ಹೆಸರು ಹೇಳಿದ್ರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಈಗ ಎಳೇದು ಅಂದ ಬಾಯೇ ಇನ್ನೊಂದ್ಸಲ ಕೇಳಿ, ಹೌದೌದು, ಸ್ವಲ್ಪ ಹಳೇದು ಅನ್ನುತ್ತೆ. ದನಿ ಹೋಗುತ್ತೆ, ಹಾಡೂ ಹೋಗುತ್ತೆ, ಇನ್ಯಾರೋ ಬಂದು ನಿಲ್ತಾಳೆ. ಹೆಸರು ಬೇಕಾ, ದನಿ ಬೇಕಾ? ಎರಡೂ ಒಂದೇ ಅಂದ್ಕೊಂಡು ಇಷ್ಟು ವರ್ಷ ಬದುಕಿದ್ಲು ಪಾಪ.

ಕಿವಿ ಅವಳನ್ನೇ ನೋಡ್ತಿದ್ದ. "ಎರಡನೇದು ಅಳಿಸ್ಲಾ?"

"ಅಳ್ಸು," ಅಂದ್ಲು ಗಂಟೆ.

ಹಾಡು ಹೊರಗೆ ಬಂತು. ಬಂತು ಅಂದ್ರೆ ಹೇಗೆ? ಊರಿಗೆ ನೆಗಡಿ ಬಂದ ಹಾಗೆ, ಮನೆಮನೆಗೂ. ತರಕಾರಿ ಅಂಗಡೀಲಿ ಅದು, ಆಟೋದಲ್ಲಿ ಅದು, ಹಲ್ಲು ಡಾಕ್ಟ್ರ ಕಾಯೋ ರೂಮಲ್ಲೂ ಅದು. ಫೋನಲ್ಲಿ ಹಾಡಿನ ಜೊತೆ ಟೈಲರ್ ಫೋಟೋ, ಹಾಡಿದೋರು ಅಂತ ಅವಳ ಹೆಸರು. ಬಟ್ಟೆ ಹೊಲಿಸೋಕೆ ಬಂದೋರು ಬಟ್ಟೆ ಮರೆತು ಅವಳ ಜೊತೆ ಫೋಟೋ ತೆಗೆಸ್ಕೊಂಡು ಹೋಗ್ತಿದ್ರು. ಎಲ್ಲರಿಗೂ ಟೀ ಮಾಡಿ ಕೊಡೋದು ಯಾರು? ಗಂಟೆ.

"ಏನ್ ದನಿ ಕಣ್ರೀ ನಿಮ್ಮ ನಾದಿನೀದು! ನೀವೂ ಮುಂಚೆ ಹಾಡ್ತಿದ್ರಲ್ವಾ?"

"ಹೂಂ. ಮುಂಚೆ. ಸಕ್ಕರೆ ಸಾಕಾ?"

ಎಲ್ಲಕ್ಕಿಂತ ಜಾಸ್ತಿ ಉರಿಸಿದ್ದು ಅಪ್ಪ. ದಿನಾ ಊಟಕ್ಕೆ ಕೂತಾಗ ಫೋನ್‌ನ ಒಳ್ಳೇ ಕಿವಿಗೆ ಇಟ್ಕೊಂಡು ತೂಗಾಡೋನು.

"ಕೇಳು, ಕೇಳಿಲ್ಲಿ. ಕೊನೇಲಿ ಹೇಗೆ ಇಳಿಸ್ತಾಳೆ ನೋಡು. ನಿಂಗೆ ಇಪ್ಪತ್ತು ವರ್ಷದಿಂದ ಬಡ್ಕೊಂಡಿದ್ದು ಇದನ್ನೇ, ಇಳ್ಸು ಅಂತ. ಕಲಿತ್ಯಾ? ಅವಳ ಕಾಲು ತೊಳೆದು ನೀರು ಕುಡಿ!"

"ಮಾವಾ, ಅತ್ತಿಗೆ ನಂಗಿಂತ..."

"ನೀನು ಸುಮ್ನಿರಮ್ಮ, ನಿಂದು ದೊಡ್ಡ ಗುಣ."

ಗಂಟೆ ತಟ್ಟೆ ತಗೊಂಡು ಅಡುಗೆಮನೆಗೆ ಹೋಗ್ಬಿಡ್ತಿದ್ಲು. ಒಂದಿನ ಮಗಳು ಹಿಂದೇನೇ ಬಂದ್ಲು.

"ಅಮ್ಮಾ, ಅದು ನೀನೇ ಅಲ್ವಾ?"

"ಯಾವ್ದು?"

"ಅಡುಗೆಮನೇಲಿ ನೆಲ ತುಳೀತಾ ಇದನ್ನೇ ಹಾಡ್ತಿದ್ದೆ. ನಾನೇನು ಕಿವುಡೀನಾ?"

"ಯಾರಿಗಾದ್ರೂ ಹೇಳಿದ್ರೆ ನಿನ್ನ ಫೋನು ಒಲೆಗೆ ಹಾಕ್ತೀನಿ."

"ನಿನ್ನ ದನಿ ಮೇಲೆ ನಿಂಗೇ ಹೊಟ್ಟೆಕಿಚ್ಚಾ?"

ಗಂಟೆ ಯೋಚ್ನೆ ಮಾಡಿದ್ಲು. "ಹೂಂ ಕಣೆ. ಆ ಮುಂಡೇದು ನನ್ನ ಬಿಟ್ಟು ಅವಳ ಜೊತೆ ಓಡಾಡ್ತಿದೆ ನೋಡು."

ಆಮೇಲೆ ಒಂದು ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ. ಜನ ಬಂದಿದ್ದೇ ಆ ಹಾಡಿಗೆ. ಟೈಲರ್ ಮುಂದಿನ ಮೈಕು, ಗಂಟೆ ಹಿಂದೆ ಕೋರಸ್ಸು. ಹಾಡು ಶುರುವಾದಾಗ ಜನ ಸೀಟಿ ಹೊಡೆದ್ರು. ಟೈಲರ್ ಮತ್ತೆ ಕಂಬದ ಹಾಗೆ ನಿಂತ್ಲು. ಕೊನೇ ಸಾಲಿಗೆ ಬಂದಾಗ ದನಿ ಎತ್ತಿ ಹೊಡೆದ್ಲು. ಚಪ್ಪಾಳೆ ಬಂತು, ಬರ್ಲಿಲ್ಲ ಅಂತಲ್ಲ. ಆದ್ರೆ ವೇದಿಕೆ ಇಳಿಯೋವಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಗಂಟೆ ಕಿವಿಗೆ ಬಿತ್ತು.

"ಫೋನಲ್ಲಿರೋದೇ ಚೆಂದ ಕಣೆ. ಅದೇನೋ ಇತ್ತು ಅದರಲ್ಲಿ, ಇಲ್ಲಿ ಇಲ್ಲ."

ಆವತ್ತು ಗಂಟೆ ಎರಡು ಮೊಟ್ಟೆ ತಿಂದ್ಲು. ಅಪ್ಪನಿಗೆ ತಾನಾಗೇ ಇನ್ನೊಂದು ಸೌಟು ಬಡಿಸಿದ್ಲು. ಹಾಸಿಗೆಗೆ ಬಿದ್ದೋಳು ಬೆಳಿಗ್ಗೆ ಹಾಲಿನವನು ಬಾಗ್ಲು ಮುರಿಯೋವರೆಗೂ ಏಳ್ಲಿಲ್ಲ.

ಎದ್ದು ನೋಡಿದ್ರೆ ಟೈಲರ್ ಹಾಸಿಗೆ ಪಕ್ಕದಲ್ಲೇ ನೆಲದ ಮೇಲೆ ಕೂತಿದಾಳೆ. ಕಣ್ಣು ಊದಿದೆ.

"ಅತ್ತಿಗೆ, ಆ ಕೊನೇ ಸಾಲು ಹೇಳ್ಕೊಡಿ."

"ಯಾವ ಸಾಲು?"

"ನಿಮ್ಮ ಸಾಲು. ಮುಂದಿನ ವಾರ ಮತ್ತೆ ಹಾಡ್ಬೇಕು. ಜನ ಫೋನಲ್ಲಿರೋದನ್ನ ಕೇಳ್ತಾರೆ. ನಂಗೆ ಅದು ಬರಲ್ಲ."

"ಅದು ನಿಂದೇ ಕಣೆ ತಾಯಿ. ಟ್ರ್ಯಾಕಲ್ಲಿ ನೀನು ಹಾಡಿದ್ದು. ನಿನ್ನಿಂದ ಕದ್ದಿದ್ದು ನಾನು."

"ನಾನು ಏನ್ ಹಾಡಿದ್ನೋ ನಂಗೇ ನೆನಪಿಲ್ಲ. ಕದ್ದಿದ್ರೆ ವಾಪಸ್ ಕೊಡಿ ಹಾಗಾದ್ರೆ."

ಗಂಟೆ ಎದ್ದು ಕೂತ್ಲು. ಕೂದ್ಲು ಗಂಟು ಹಾಕ್ಕೊಂಡ್ಲು. ಬಾಗ್ಲ ಕಡೆ ನೋಡಿದ್ಲು, ಅಪ್ಪ ಇನ್ನೂ ಎದ್ದಿರ್ಲಿಲ್ಲ. ಇದನ್ನ ಕೊಟ್ಬಿಟ್ರೆ ಮುಗೀತು. ವೇದಿಕೇಲೂ ಅವಳೇ, ಫೋನಲ್ಲೂ ಅವಳೇ, 'ಅಲ್ಲಿದ್ದಿದ್ದು ಇಲ್ಲಿಲ್ಲ' ಅನ್ನೋಳು ಇನ್ನೊಬ್ಬಳು ಸಿಗಲ್ಲ.

"ಸರಿ, ಕೇಳು," ಅಂದ್ಲು. ಮೆಲ್ಲಗೆ ಹಾಡಿದ್ಲು: "ನಿನ್ನ ಹೆಜ್ಜೆ ಗೊತ್ತು ನಂಗೆ." ಎಲ್ಲಾ ಸರಿ ಇತ್ತು, ಕೊನೇಲಿ ಒಂದು ಎಳೆ ಮಾತ್ರ ತನ್ನ ಹತ್ರಾನೇ ಇಟ್ಕೊಂಡ್ಲು.

ಟೈಲರ್ ಕಣ್ಣು ಮುಚ್ಕೊಂಡು ಕೇಳಿದ್ಲು. ತಲೆ ಅಲ್ಲಾಡಿಸಿದ್ಲು.

"ಇಲ್ಲ ಅತ್ತಿಗೆ. ಫೋನಲ್ಲಿ ಹೀಗಿಲ್ಲ."

ಗಂಟೆ ಹೊದಿಕೆ ಪಕ್ಕಕ್ಕೆ ತಳ್ಳಿದ್ಲು. ಇಡೀ ಊರು ಕೇಳಿದ ಹಾಡು. ಆ ಒಂದು ಎಳೆ ಇಲ್ಲ ಅಂತ ಗೊತ್ತಾಗಿದ್ದು ಇವಳೊಬ್ಬಳಿಗೇ.

"ಥೂ, ನಿನ್ನ," ಅಂದ್ಲು. "ಬಾಗ್ಲು ಹಾಕು ಮೊದ್ಲು."

ಬಾಗ್ಲು ಹಾಕಿದ ಮೇಲೆ, ಸರಿಯಾಗಿ ಹಾಡಿದ್ಲು.